ಹಂದಿ ಗೂಡಿನ ಪಕ್ಕದ ಒಂದೆಲಗ

ಅತ್ತೆಮ್ಮನವರಿಗೆ, ನಿಮ್ಮ ಸೊಸೆ ಲಲಿತ ಹಿತ್ತಿಲ ಬಾಗಿಲಲ್ಲಿ ಕೂತು ಬರೆಯುವ ಕಾಗದ.

ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ ಬಂದವಳೇ ಹಂದಿ ಗೂಡಿನ ಪಕ್ಕದ ನಿಮ್ಮ ಒಂದೆಲಗದ ಪಾತಿಯನ್ನು ಬೇರುಸಮೇತ ಕಿತ್ತು ಹಾಕಿದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಮುಚ್ಚಿಟ್ಟಳು ಅನ್ನುತ್ತೀರಿ. ನೀವು ತೀರಿಹೋಗಿ ಏಳು ವರ್ಷವಾಯಿತು. ಇಷ್ಟು ದಿನ ಆ ಪಾತಿಗೆ ಗುದ್ದಲಿ ತಾಗಿಸುವ ಧೈರ್ಯ ನನಗೆ ಬಂದಿರಲಿಲ್ಲ. ಸೋಪು ಹಾಕಿ ಮೂರು ಸಲ ಕೈ ತೊಳೆದು ಪೆನ್ನು ಹಿಡಿದಿದ್ದೇನೆ. ಮಣ್ಣು ಹೋಗಿದೆ, ಸಿಟ್ಟು ಹೋಗಿಲ್ಲ. ಯಾರ ಮೇಲೆ ಎಂದು ಕೇಳಿದರೆ ಮೊದಲು ನನ್ನ ಮೇಲೆ, ಆಮೇಲೆ ನಿಮ್ಮ ಮೇಲೆ, ಅದರ ಆಚೆಗೆ ಯಾರ ಮೇಲೆ ಎಂದು ಬರೆಯಲು ಕೈ ಏಳುತ್ತಿಲ್ಲ.

ನಾನು ಈ ಮನೆಗೆ ಬಂದ ಮೂರನೇ ದಿನವೇ ನೀವು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಆ ಪಾತಿ ತೋರಿಸಿದ್ದಿರಿ, ನೆನಪಿದೆಯಾ? ಅಡುಗೆಮನೆಯ ಡಬ್ಬಗಳನ್ನು ತೋರಿಸಿದ್ದು ಆಮೇಲೆ. “ನೋಡಮ್ಮಿ, ಸಾರು ಕೆಟ್ರೆ ಕೆಡ್ಲಿ, ಈ ಪಾತಿಗೆ ನೀರು ತಪ್ಪಬಾರ್ದು. ಗೂಡು ತೊಳೆದ ನೀರ ಇತ್ಲಾಗೆ ಬುಟ್ಕೋ. ಎಲೆ ಅಂಗೈ ಅಗಲ ಆಗ್ತದೆ” ಎಂದಿರಿ. ಮಕ್ಕಳು ಎದ್ದ ಕೂಡಲೇ ಮೂರು ಎಲೆ, ಹಸಿಯಾಗಿ, ಬರೀ ಹೊಟ್ಟೆಗೆ. ಅದಕ್ಕೂ ಮೊದಲು ದೇವರ ಮುಂದೆ ಇಟ್ಟು ತೆಗೆಯಬೇಕು. ಬುದ್ಧಿ ಚುರುಕಾಗುತ್ತದೆ, ಹೊಟ್ಟೆ ಶುದ್ಧವಾಗುತ್ತದೆ ಎಂದು ನೀವು ಹೇಳಿದ್ದನ್ನು ನಾನು ಮಂತ್ರದ ಹಾಗೆ ಕಲಿತೆ. ಏಳನೇ ಕ್ಲಾಸಿನವರೆಗೆ ಕಲಿತ ಯಾವ ಪಾಠವನ್ನೂ ಅಷ್ಟು ನಿಷ್ಠೆಯಿಂದ ಪಾಲಿಸಿದವಳಲ್ಲ ನಾನು.

ನನ್ನ ಮಗ ಗಿರೀಶನಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ದಿನ ಅವನು ಹೊಟ್ಟೆ ಹಿಡಿದುಕೊಂಡು ಅತ್ತ. ಆಮೇಲೆ ಹಿತ್ತಿಲಲ್ಲಿ ಒಂದು ಗೇಣುದ್ದದ ಹುಳ ಬಿದ್ದಾಗ ನೀವು ಮಗುವನ್ನು ನೋಡಲಿಲ್ಲ, ನನ್ನನ್ನು ನೋಡಿದಿರಿ. “ಬೆಲ್ಲ ಕೊಟ್ಯೇನೇ?” ಎಂದಿರಿ. ಕೊಟ್ಟಿದ್ದೆ. ರೊಟ್ಟಿಯ ಜೊತೆ ಒಂದು ಚೂರು. ಅವತ್ತು ಬೆಲ್ಲದ ಡಬ್ಬ ಅಟ್ಟಕ್ಕೆ ಹೋಯಿತು. ಅಲ್ಲಿಂದ ಇಲ್ಲಿಯವರೆಗೂ ಈ ಮನೆಯಲ್ಲಿ ಹಬ್ಬದ ಪಾಯಸಕ್ಕೆ ಸಕ್ಕರೆಯೇ. ನೀವಂತೂ ಸಂಕ್ರಾಂತಿಯಲ್ಲಿ ಯಾರಾದರೂ ಎಳ್ಳು ಬೀರಿದರೆ ಬೆಲ್ಲದ ಚೂರುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟು ಮಿಕ್ಕಿದ್ದನ್ನು ತಿನ್ನುತ್ತಿದ್ದಿರಿ. ಎಂಥ ಹಟಮಾರಿ ಹೆಂಗಸು ಎಂದುಕೊಂಡಿದ್ದೆ. ನಿಮಗೆ ಸರೋಜ ಎಂಬ ಮಗಳಿದ್ದಳು, ಆರು ವರ್ಷಕ್ಕೆ ಹುಳ ಗಂಟುಕಟ್ಟಿ ಹೊಟ್ಟೆ ಉಬ್ಬಿ ತೀರಿಹೋದಳು, ಹಿಂದಿನ ದಿನ ಅವಳು ಅತ್ತು ಕರೆದು ಕೇಳಿದಳೆಂದು ನೀವೇ ಒಂದು ಚೂರು ಬೆಲ್ಲ ಕೊಟ್ಟಿದ್ದಿರಿ ಎನ್ನುವುದನ್ನು ನಿಮ್ಮ ಮಗ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ನೀವು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ನಾನು... ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಒಂದೆಲಗದ ಪಾತಿ ನೀವು ಹಾಕಿದ್ದು ಸರೋಜ ಹೋದ ಮೇಲೆ, ಉಳಿದ ಮಕ್ಕಳ ಹೊಟ್ಟೆ ಕಾಯಲಿ ಎಂದು. ಅದನ್ನೂ ನಿಮ್ಮ ಮಗನೇ ಹೇಳಿದ್ದು.

ಇನ್ನೊಂದು ಸಲ, ಹಬ್ಬಕ್ಕೆ ಹಂದಿ ಕುಯ್ದಿದ್ದ ದಿನ, ಕರುಳು ಬಿಡಿಸುವಾಗ ಅದರೊಳಗಿನ ಹುಳ ನೋಡಿ ನಾನು ಬೆಚ್ಚಿ ಹಿಂದೆ ಸರಿದಿದ್ದೆ. ಬಿಳಿ, ಉದ್ದ, ಎರಡೂ ತುದಿ ಚೂಪು. “ಅತ್ತೆ, ಗಿರೀಶನಿಗೆ ಬಿದ್ದಿದ್ದೂ ಇಂಥದ್ದೇ ಅಲ್ವ?” ಎಂದು ಕೇಳಿದೆ. ನೀವು ಕೈಯಲ್ಲಿದ್ದ ಕತ್ತಿಯನ್ನೂ ನಿಲ್ಲಿಸಲಿಲ್ಲ. “ಬೆಳ್ಳಗೆ ಉದ್ದಕ್ಕೆ ಇದ್ದಿದ್ದೆಲ್ಲ ಒಂದೇನೇನೆ? ಹಂಗಾರೆ ಶಾವಿಗೇನೂ ಹುಳನೇ ಅನ್ನು. ಹಂದಿ ಹುಳ ಹಂದಿಗೆ, ಮಕ್ಕಳ ಹುಳ ಮಕ್ಕಳಿಗೆ. ಭಗವಂತ ಗೆರೆ ಎಳೆದವ್ನೆ ಕಣಮ್ಮಿ” ಎಂದಿರಿ. ಸುತ್ತ ಕೂತವರು ನಕ್ಕರು. ಭಗವಂತನ ಹೆಸರು ಬಂದ ಮೇಲೆ ನಾನೂ ತಲೆ ತಗ್ಗಿಸಿ ಕರುಳು ಬಿಡಿಸಲು ಕೂತೆ. ನಾನು ಶಾವಿಗೆ ತಿನ್ನುವುದನ್ನು ಬಿಟ್ಟದ್ದು ಮಾತ್ರ ಆವತ್ತಿನಿಂದ.

ಈಗ ನೀವು ನೋಡದ ನಿಮ್ಮ ಮರಿಮಗಳ ವಿಷಯಕ್ಕೆ ಬರುತ್ತೇನೆ. ಗಿರೀಶ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾನೆ. ಅವನ ಹೆಂಡತಿ ರಶ್ಮಿ ಆಲೂರಿನವಳು. ಮಗಳು ಧನ್ಯಳಿಗೆ ಈಗ ಐದು ವರ್ಷ. ನಿಮ್ಮ ಮೂಗು ಬಂದಿದೆ, ಬಾಯಿಯೂ ನಿಮ್ಮದೇ. ಆ ಮಗುವಿಗೆ ಎರಡು ವರ್ಷದಿಂದ ಹುಳದ ಕಾಟ. ಅಂಗನವಾಡಿಯಲ್ಲಿ ಮಾತ್ರೆ ಕೊಡುತ್ತಾರೆ, ಬೀಳುತ್ತದೆ, ನಾಲ್ಕು ತಿಂಗಳಿಗೆ ಮತ್ತೆ ಹೊಟ್ಟೆನೋವು, ಮತ್ತೆ ಮಾತ್ರೆ. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ಆಸ್ಪತ್ರೆ ಕಡೆಯ ಆಶಾ ಕಾರ್ಯಕರ್ತೆ ಅಂಗಳದಲ್ಲಿ ನಿಂತು, “ಲಲಿತಕ್ಕ, ಮಾತ್ರೆ ನುಂಗುಸ್ತಿದೀರೋ, ಇಲ್ಲಾ ಕುಂಕುಮದ ಜೊತೆ ದೇವರ ಮುಂದೆ ಇಟ್ಟುಬುಡ್ತಿದೀರೋ?” ಎಂದು ನಾಲ್ಕು ಜನರ ಎದುರು ಕೇಳಿದಳು. ನಾನು ಮಾಡದೇ ಉಳಿಸಿದ್ದಾದರೂ ಏನು? ನೀರು ಕುದಿಸಿದೆ. ಉಗುರು ಕತ್ತರಿಸಿದೆ. ಬಚ್ಚಲಿಗೂ ಚಪ್ಪಲಿ ಹಾಕಿಸಿದೆ. ಸೌತೆಕಾಯಿಯನ್ನೂ ಬೇಯಿಸಿ ಕೊಟ್ಟೆ, ಮಗು ಉಗುಳಿತು. ಹದಿಮೂರು ಸೋಮವಾರ ಒಪ್ಪತ್ತು ಇದ್ದೆ. ನಿಮ್ಮ ಮಗ ಒಂದು ದಿನ, “ಮನೆ ದೇವ್ರಿಗಿಂತ ಹುಳಕ್ಕೇ ಜಾಸ್ತಿ ಹರಕೆ ಹೊತ್ತಿದೀಯ ಬುಡು” ಎಂದರು. ನಗು ಬರಲಿಲ್ಲ.

ಗೌರಿ ಹಬ್ಬದ ಮಾರನೇ ದಿನ ರಶ್ಮಿ ಬಟ್ಟೆ ತುಂಬಿಕೊಂಡಳು. “ಅತ್ತೆ, ಬೇಜಾರು ಮಾಡ್ಕೋಬೇಡಿ. ಇದು ಸರಿಹೋಗೋವರ್ಗೂ ಮಗು ಆಲೂರಲ್ಲಿ ಇರ್ಲಿ. ನಾನು ಯಾರನ್ನೂ ಏನೂ ಅಂತಿಲ್ಲ” ಎಂದಳು. ಅನ್ನದೇ ಹೋದರೂ ಕೇಳಿಸುತ್ತದಲ್ಲ. ನಾನು ಚೀಲಕ್ಕೆ ರಾಗಿಹಿಟ್ಟು ಹಾಕಿದೆ, ತುಪ್ಪದ ಬಾಟಲಿ ಹಾಕಿದೆ, ಬಾಳೆಪಟ್ಟೆಯಲ್ಲಿ ಒಂದಿಷ್ಟು ಮಣ್ಣಿನ ಸಮೇತ ಒಂದೆಲಗದ ಬಳ್ಳಿ ಸುತ್ತಿ ಇಟ್ಟೆ. ಇವಳೆಲ್ಲಿ ನೆಡುತ್ತಾಳೆ, ದಾರಿಯಲ್ಲೇ ಎಸೆಯುತ್ತಾಳೆ ಎಂದು ಗೊತ್ತಿದ್ದೂ ಇಟ್ಟೆ. ಬಸ್ಸಿನ ಕಿಟಕಿಯಿಂದ ಧನ್ಯ ನನಗೆ ಟಾಟಾ ಮಾಡಲಿಲ್ಲ. “ಅಜ್ಜಿ, ನನ್ ಹಂದಿಮರಿಗೆ ಟಾಟಾ ಹೇಳ್ಬುಡು” ಎಂದಳು.

ಅದೇ ತಿಂಗಳಲ್ಲಿ ದನದ ಡಾಕ್ಟರ ಜೊತೆ ಒಬ್ಬಳು ಹುಡುಗಿ ಬಂದಳು. ಕಾಲೇಜು ಮುಗಿಸಿ ಹುಳದ ಮೇಲೆಯೇ ಓದುತ್ತಿದ್ದಾಳಂತೆ. ಊರೂರು ಸುತ್ತಿ ಹಂದಿಯ ಹುಳ, ಮಕ್ಕಳ ಹುಳ ಎರಡನ್ನೂ ಬಾಟಲಿಗೆ ಹಾಕಿಕೊಳ್ಳುತ್ತಿದ್ದಳು. ನೀವು ಇದ್ದಿದ್ದರೆ ಅವಳ ಎದುರಿಗೇ, “ಅಯ್ಯೋ, ಇದಕ್ಕಾ ನಿಮ್ಮಪ್ಪ ಓದ್ಸಿದ್ದು?” ಎಂದಿರುತ್ತಿದ್ದಿರಿ. ಮಗುವಿನ ಹುಳ ಕೊಡಲು ಗಿರೀಶ ಒಪ್ಪಿ ಸಹಿ ಹಾಕಿದ. ಧನ್ಯಳಿಗೆ ಮಾತ್ರೆ ಕೊಟ್ಟಾಗ ಬಿದ್ದಿದ್ದ ಎರಡು ಹುಳವನ್ನು ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದು ಸ್ಪಿರಿಟ್ಟಿನಲ್ಲಿ ಹಾಕಿಟ್ಟಿದ್ದ. ಅದನ್ನು ತೆಗೆದುಕೊಂಡಳು. ನಮ್ಮ ಹಂದಿಗಳಿಂದಲೂ ತೆಗೆದುಕೊಂಡಳು. ಆಮೇಲೆ ನನ್ನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದಳು. “ಅಮ್ಮ, ಮಗು ಹಸಿಯಾಗಿ ಏನಾದ್ರೂ ತಿನ್ನುತ್ತಾ? ಕ್ಯಾರೆಟ್, ಮೂಲಂಗಿ, ಕೊತ್ತಂಬರಿ ಸೊಪ್ಪು?” ನಾನು ಎದೆ ಎತ್ತಿಯೇ ಹೇಳಿದೆ, “ಏನೂ ಇಲ್ಲ ಮೇಡಂ, ಎಲ್ಲ ಬೇಯ್ಸೇ ಕೊಡೋದು.” ಅವಳು ಬರೆದುಕೊಂಡಳು.

ಸುಳ್ಳು ಹೇಳಿದೆನಾ ಅತ್ತೆ? ದೇವರಾಣೆ, ಆ ಕ್ಷಣದಲ್ಲಿ ಒಂದೆಲಗ ನನ್ನ ನೆನಪಿಗೇ ಬರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಆಲೂರಿನಿಂದ ಫೋನು ಬಂತು. ಧನ್ಯಳಿಗೆ ಅಲ್ಲೂ ಹುಳ ಬಿದ್ದಿದೆ. ಒಂದು ಮಾತನ್ನು ನಿಮ್ಮಲ್ಲಿ ಮಾತ್ರ ಹೇಳಿಕೊಳ್ಳಬಲ್ಲೆ. ನನಗೆ ಒಳಗೊಳಗೇ ಸಮಾಧಾನವಾಯಿತು. ನೋಡಿದಿರಾ, ನನ್ನ ಮನೆಯದಲ್ಲ, ನನ್ನ ಕೈಯದಲ್ಲ, ಆಲೂರಿನ ಟೈಲ್ಸು ಹಾಕಿದ ಮನೆಯಲ್ಲೂ ಬಂತಲ್ಲ ಎಂದು. ದೇವರಿಗೆ ಒಂದು ದೀಪ ಜಾಸ್ತಿಯೇ ಹಚ್ಚಿದೆ. ಮಗುವಿನ ಹೊಟ್ಟೆನೋವಿಗೆ ದೀಪ ಹಚ್ಚಿದ ಅಜ್ಜಿ ನಾನು.

ಮೊನ್ನೆ ಗುರುವಾರ ಆ ಹುಡುಗಿ ತಿರುಗಿ ಬಂದಳು. ಜಗಲಿಯ ಮೇಲೆ ಕೂತು ನನಗೂ ನಿಮ್ಮ ಮಗನಿಗೂ ಬಿಡಿಸಿ ಹೇಳಿದಳು. ಕಣ್ಣಿಗೆ ಎಲ್ಲ ಹುಳವೂ ಒಂದೇ ಥರ ಕಾಣುತ್ತವೆ. ಒಳಗಿನ ಬೀಜದ ಗುಣ, ಡಿಎನ್‌ಎ ಅಂತಾರಂತೆ, ಅದನ್ನು ತೆಗೆದು ನೋಡಿದರೆ ಮಾತ್ರ ಇದು ಮನುಷ್ಯರಲ್ಲಿ ಇರುವುದು, ಇದು ಹಂದಿಯಲ್ಲಿ ಇರುವುದು ಎಂದು ಗೊತ್ತಾಗುತ್ತದೆ. ಈ ಸುತ್ತಿನ ಹುಳಗಳಲ್ಲಿ ಕೆಲವು ಎರಡರ ಗುಣವನ್ನೂ ಹೊತ್ತಿವೆ. ಧನ್ಯಳ ಎರಡು ಹುಳದಲ್ಲಿ ಒಂದು ಅಂಥದ್ದು.

“ಎರಡೂ ಅಂದ್ರೆ?” ಎಂದೆ.

ನಿಮ್ಮ ಮಗನಿಗೆ ನನಗಿಂತ ಬೇಗ ತಿಳಿಯಿತು. “ಅವ್ವ ಕಪ್ಪು ಹೆಣ್ಣಂದಿಗೆ ಎಸ್ಟೇಟಿನ ಬಿಳಿ ಸೀಮೆ ಗಂಡು ಕೂಡ್ಸಿರಲಿಲ್ವೇನೆ? ಚುಕ್ಕೆ ಚುಕ್ಕೆ ಮರಿ ಹಾಕ್ತಲ್ಲ. ಹಂಗೆ” ಎಂದರು.

“ಹೌದು, ಹಾಗೇ” ಎಂದಳು ಹುಡುಗಿ. “ಎರಡೂ ಥರದ್ದು ಒಂದೇ ಹೊಟ್ಟೆಗೆ ಸೇರಿದಾಗ ಕೂಡ್ತವೆ. ಅದು ಹಂದಿ ಹೊಟ್ಟೇನೂ ಇರಬಹುದು, ಮನುಷ್ಯರದ್ದೂ ಇರಬಹುದು. ಯಾವಾಗ ಆಯ್ತು, ಯಾರ ಮನೇಲಿ ಆಯ್ತು ಅಂತ ನಾನು ಹೇಳೋಕಾಗಲ್ಲ.”

ಆದರೆ ನನಗೆ ಕಂಡಿತು ಅತ್ತೆ. ಕಕ್ಕಸು ಕಟ್ಟಿಸುವ ಮೊದಲು ಮನೆಮಂದಿಯೆಲ್ಲ ಬೆಳಿಗ್ಗೆ ಹಿಂದಿನ ಕಾಫಿ ಗಿಡದ ಸಂದಿಗೆ ಹೋಗುತ್ತಿದ್ದದ್ದು, ನಿಮ್ಮ ಬಿಡಾಡಿ ಹಂದಿಗಳು ಕಾಲ ಬುಡಕ್ಕೇ ಬಂದು ಕಾಯುತ್ತಿದ್ದದ್ದು, ನೀವು ಕೋಲು ಹಿಡಿದು “ಇವಕ್ಕೆ ತಡ್ಯಕ್ಕಾಗಲ್ಲ ಕಣಮ್ಮಿ, ಬಡ್ಸೋ ಮುಂಚೆ ಎಲೆ ಮುಂದೆ ಕೂತ್ಕತವೆ” ಎಂದು ನಗಿಸುತ್ತಿದ್ದದ್ದು. ನಮ್ಮದು ಅವಕ್ಕೆ ಹೋಯಿತು. ಅವುಗಳದ್ದು ಪಾತಿಗೆ ಬಂತು. ಗೆರೆ ಎಳೆದದ್ದು ಭಗವಂತನೋ ನೀವೋ? ಆತ ಎಳೆದಿದ್ದರೂ ಅದನ್ನು ದಿನಾ ಅಳಿಸಿದ್ದು ನಾವೇ ಅಲ್ಲವೇ?

ಮಾತ್ರೆಗೆ ಈ ಹುಳವೂ ಬೀಳುತ್ತದೆ, ಹೆದರಬೇಡಿ ಎಂದಳು ಹುಡುಗಿ. ಆದರೆ ಮಗುವಿಗೆ ಮಾತ್ರ ಕೊಟ್ಟು ಹಂದಿಯನ್ನು ಹಾಗೇ ಬಿಟ್ಟರೆ ಮಣ್ಣಿನಿಂದ ಮತ್ತೆ ಬರುತ್ತಲೇ ಇರುತ್ತದಂತೆ. “ಹಂದಿಗಳಿಗೆ ಔಷಧಿ ಹಾಕಿಸಿದ್ದೀರಾ?” ಎಂದು ಕೇಳಿದಳು. ನಾನು ನಿಮ್ಮ ಮಗನ ಮುಖ ನೋಡಿದೆ, ಅವರು ಕಂಬ ನೋಡಿದರು. ಹಂದಿ ಹುಳ ಹಂದಿಗೆ ಎಂದು ನೀವು ಹೇಳಿದ ಮೇಲೆ ಯಾರು ಹಾಕಿಸುತ್ತಾರೆ?

ಅವಳು ಹೊರಡಲು ಎದ್ದಾಗ ನಾನು ದೇವರ ಮನೆಯಿಂದ ತಟ್ಟೆ ತಂದೆ. ಮಗು ಇಲ್ಲದಿದ್ದರೂ ದಿನಾ ಮೂರು ಎಲೆ ದೇವರ ಮುಂದೆ ಇಟ್ಟು ನಾನೇ ತಿನ್ನುತ್ತಿದ್ದೆ, ಕ್ರಮ ತಪ್ಪಬಾರದು ಎಂದು. “ಪ್ರಸಾದ ತಗೊಳಿ ಮೇಡಂ. ಒಂದೆಲಗ. ತಲೆಗೆ ಒಳ್ಳೇದು, ನೀವು ಓದೋರು” ಎಂದೆ. ಅವಳು ಕಣ್ಣಿಗೊತ್ತಿಕೊಂಡಳು. ಬಾಯಿಗೆ ಹಾಕಲಿಲ್ಲ. ಎಲೆಯನ್ನು ತಿರುಗಿಸಿ ಹಿಂಭಾಗ ನೋಡಿದಳು.

“ಎಷ್ಟು ಅಗಲ ಇದೆ. ಎಲ್ಲಿ ಬೆಳೆದಿದ್ದಮ್ಮ?”

“ಅಲ್ಲೇ, ಗೂಡಿನ ಪಕ್ಕ. ಗೂಡು ತೊಳೆದ ನೀರಿಗೆ ಚೆನ್ನಾಗಿ ಬರ್ತದೆ.”

“ಮಗೂಗೆ ಕೊಡ್ತಿದ್ರಾ?”

“ದಿನಾ.”

“ಹಸಿಯಾಗಿ ಏನೂ ಕೊಡಲ್ಲ ಅಂದಿದ್ರಿ.”

“ಇದು ತಿನ್ನೋ ಪದಾರ್ಥ ಅಲ್ವಲ್ಲ ಮೇಡಂ, ಮದ್ದು” ಎಂದೆ. ಹೇಳುತ್ತಿದ್ದ ಹಾಗೆಯೇ ತಟ್ಟೆಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, “ಅಮ್ಮ, ಹುಳದ ಮೊಟ್ಟೆ ಕಣ್ಣಿಗೆ ಕಾಣಲ್ಲ. ಎಲೆಗೆ ಅಂಟ್ಕೊಂಡಿರುತ್ತೆ, ಬರೀ ತೊಳೆದ್ರೆ ಪೂರ್ತಿ ಹೋಗಲ್ಲ. ಬೇಯ್ಸಬೇಕು” ಎಂದಳು. ಪ್ರಸಾದವನ್ನು ಬಿಸಾಡಲು ಆಗದೆ ಕರ್ಚೀಫಿನಲ್ಲಿ ಕಟ್ಟಿಕೊಂಡಳು. ಆ ಮರ್ಯಾದೆ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಹೇಳಿ ಅತ್ತೆ, ಇದಕ್ಕೆ ಏನು ಮಾಡಬೇಕು? ನಾನು ನೀರು ಕುದಿಸಿದ್ದೆಲ್ಲ, ಒಪ್ಪತ್ತು ಇದ್ದದ್ದೆಲ್ಲ ಒಂದು ಕಡೆ. ಮೂರು ಎಲೆ ಒಂದು ಕಡೆ. ದೇವರ ಮುಂದೆ ಇಟ್ಟು, ಕೈ ಮುಗಿಸಿ, ಬಾಯಿ ತೆರೆಸಿ, ಹುಳವನ್ನು ನಾನೇ ಹಾಕಿದೆ. ಹೊಟ್ಟೆ ಶುದ್ಧವಾಗಲಿ ಎಂದು. ಆತ ಎದುರಿಗೇ ಕೂತಿದ್ದನಲ್ಲ, ಒಂದು ದಿನವಾದರೂ ಎಲೆ ಕೈಯಿಂದ ಜಾರಿಸಬಾರದಿತ್ತೇ? ತಪ್ಪು ಬರೆದೆ, ಆತ ಕ್ಷಮಿಸಲಿ. ನೀವಾದರೂ ಗೂಡಿನ ಪಕ್ಕ ಬಿಟ್ಟು ಬೇರೆ ಕಡೆ ನೆಡಬಾರದಿತ್ತೇ? ಬಾವಿಕಟ್ಟೆಯ ಹತ್ತಿರ ಜಾಗ ಇತ್ತು.

ರಶ್ಮಿಗೆ ಹೇಳಬೇಕಿತ್ತು. ಎರಡು ದಿನ ಹೇಳಲಿಲ್ಲ. ಫೋನು ಕೈಗೆ ತೆಗೆದುಕೊಳ್ಳುವುದು, ಇಡುವುದು. ಇಷ್ಟು ದಿನ ಅವಳು ಅನ್ನದೇ ಉಳಿಸಿಕೊಂಡಿದ್ದ ಮಾತಿಗೆ ನಾನೇ ಬಾಯಿ ಕೊಡಬೇಕಲ್ಲ. ಇನ್ನು ಮಗುವನ್ನು ಈ ಮನೆಗೆ ಕಳಿಸುತ್ತಾಳಾ? ನಾನಾಗಿದ್ದರೆ ಕಳಿಸುತ್ತಿದ್ದೆನಾ? ನಿನ್ನೆ ಸಂಜೆ ದೀಪ ಹಚ್ಚಿ ಅಲ್ಲೇ ನಿಂತು ಫೋನು ಮಾಡಿದೆ. ಹಂದಿ, ಬೆರಕೆ ಹುಳ, ಪಾತಿ, ಎಲ್ಲ ಹೇಳಿದೆ. “ನನ್ನ ಕೈಯಿಂದಾನೇ ಆಗಿದ್ದು ಕಣಮ್ಮ” ಎಂದೆ.

“ಅತ್ತೆ” ಎಂದಳು, “ಇಲ್ಲೂ ಕೊಡ್ತಾ ಇದೀನಿ.”

“ಏನ?”

“ಒಂದೆಲಗನ. ನೀವು ಬಾಳೆಪಟ್ಟೇಲಿ ಸುತ್ತಿ ಕೊಟ್ಟಿರಲಿಲ್ವ, ಬಚ್ಚಲ ಹತ್ರ ನೆಟ್ಟಿದ್ದೆ. ದಿನಾ ಮೂರು ಎಲೆ. ದೇವರ ಮುಂದೆ ಇಟ್ಟೇ ಕೊಡ್ತಿದೀನಿ.”

“ನಂಗೆ ನೀನು ಎಸೆದುಬುಟ್ಟೆ ಅಂತಿತ್ತು” ಎಂದೆ.

“ಕೋಪ ನಿಮ್ಮ ಮೇಲಿತ್ತು ಅತ್ತೆ, ಬಳ್ಳಿ ಮೇಲೆ ಇರ್ಲಿಲ್ವಲ್ಲ” ಎಂದಳು. ಆಮೇಲೆ ಅತ್ತಳೋ ನಕ್ಕಳೋ ಫೋನಿನಲ್ಲಿ ತಿಳಿಯಲಿಲ್ಲ. ನೋಡಿ, ನಾನು ದೀಪ ಹಚ್ಚಿ ಸಂತೋಷಪಟ್ಟ ಆಲೂರಿನ ಹುಳ ಇಲ್ಲಿಂದಲೇ ಬಸ್ಸು ಹತ್ತಿದ್ದಿರಬೇಕು, ಆ ಮಗುವಿನ ಹೊಟ್ಟೆಯಲ್ಲೋ ನಾನೇ ಕಟ್ಟಿಕೊಟ್ಟ ಮಣ್ಣಿನಲ್ಲೋ. ಈಗ ಅತ್ತೆಗೂ ಸೊಸೆಗೂ ತಪ್ಪು ಸಮಪಾಲು. ನಿಮಗೂ ಒಂದು ಪಾಲು ಕೊಟ್ಟಿದ್ದೇವೆ, ತೆಗೆದುಕೊಳ್ಳಿ.

ಅವಳು ಬರುವ ಭಾನುವಾರ ಮಗುವನ್ನು ಕರೆದುಕೊಂಡು ಬರುತ್ತಾಳೆ. ಆವತ್ತೇ ದನದ ಡಾಕ್ಟರು ಹಂದಿಗಳಿಗೆ ಔಷಧಿ ಹಾಕುತ್ತಾರೆ. ಮನೆಮಂದಿಗೂ ಮಾತ್ರೆ, ನಿಮ್ಮ ಮಗನಿಗೂ. “ನಂಗೂ ಹಂದಿಗೂ ಒಂದೇ ಮುಹೂರ್ತನಾ?” ಎಂದು ಗೊಣಗುತ್ತಿದ್ದಾರೆ. ಗೂಡು ತೊಳೆದ ನೀರಿಗೆ ಕೆಳಗೆ ಬೇರೆ ಗುಂಡಿ ತೋಡಿಸುತ್ತಿದ್ದೇನೆ. ಗೊಬ್ಬರ ಚೆನ್ನಾಗಿ ಬಿಸಿಯೇರಿ ಕಳಿಯದೆ ಸೊಪ್ಪಿನ ಮಡಿಗೆ ಬೀಳುವುದಿಲ್ಲ. ಕಿತ್ತ ಒಂದೆಲಗವನ್ನೆಲ್ಲ ಸುಟ್ಟೆ. ಪೂರ್ತಿ ವಂಶ ಅಳಿಸಲು ಮನಸ್ಸು ಬರಲಿಲ್ಲ, ಅಕ್ಕನ ಮನೆಯ ಬಾವಿಕಟ್ಟೆಯಿಂದ ಬೇರೆ ಬಳ್ಳಿ ತಂದು ತುಳಸಿಯ ಪಕ್ಕ ಕುಂಡದಲ್ಲಿ ಹಾಕುತ್ತೇನೆ. ಇನ್ನು ಮುಂದೆ ಕುದಿಸಿ ಸಾರು. ಹಸಿ ಎಲೆಯ ಗುಣ ಬರುವುದಿಲ್ಲ ಎಂದು ಅಲ್ಲಿಂದ ಗೊಣಗಬೇಡಿ. ಗುಣ ನೋಡಿಯಾಯಿತು.

ಒಂದು ಮಾತು ಉಳಿಯಿತು. ಹುಡುಗಿ ಗೇಟು ದಾಟುವಾಗ ಹಿಂದೆ ಓಡಿಹೋಗಿ ಕೇಳಿದೆ, ನಿಮ್ಮ ಸಲುವಾಗಿ. “ಮೇಡಂ, ಬೆಲ್ಲ ತಿಂದ್ರೆ ಹುಳ ಆಗ್ತದಾ?” ಅವಳು ನಿಂತು, ನನ್ನ ಮುಖ ನೋಡಿ, ತಮಾಷೆ ಮಾಡದೆ ಹೇಳಿದಳು. “ಇಲ್ಲಮ್ಮ. ಬೆಲ್ಲದಿಂದ ಹುಳ ಬರಲ್ಲ, ಹೆಚ್ಚೂ ಆಗಲ್ಲ. ಮೊಟ್ಟೆ ಬಾಯಿಗೆ ಹೋದ್ರೆ ಮಾತ್ರ ಬರೋದು. ಅದು ಬೆಳೆಯೋಕೇ ತಿಂಗಳುಗಟ್ಟಲೆ ಬೇಕು.”

ತಿಂಗಳುಗಟ್ಟಲೆ, ಅತ್ತೆ. ಹಿಂದಿನ ದಿನದ್ದಲ್ಲ.

ಅಟ್ಟದಿಂದ ಬೆಲ್ಲದ ಡಬ್ಬ ಇಳಿಸಿ ತೊಳೆದು ಬಿಸಿಲಿಗಿಟ್ಟಿದ್ದೇನೆ. ಭಾನುವಾರ ಧನ್ಯ ಬಂದಾಗ ರೊಟ್ಟಿಯ ಜೊತೆ ಒಂದು ಚೂರು ಕೊಡುತ್ತೇನೆ. ಕೊಡುವ ಮೊದಲು ಒಂದು ಚೂರು ನಿಮ್ಮ ಫೋಟೋದ ಮುಂದೆ ಇಡುತ್ತೇನೆ, ಈ ಸಲ ಆರಿಸಿ ಪಕ್ಕಕ್ಕಿಡಬೇಡಿ. ಸರೋಜ ಕೇಳಿದಳೆಂದು ಆವತ್ತು ಅವಳ ಕೈಗೆ ನೀವು ಇಟ್ಟದ್ದು ಬರೀ ಬೆಲ್ಲ.

ನಿಮ್ಮ ಸೊಸೆ,
ಲಲಿತ